ಗುಡ್ಡದ ಮೇಲಿನ ಕೋಟೆ ಯಾರದು?

ಕೋಟೆಗಳನ್ನು ನೋಡಲು ಹೋಗುವವರು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ರಜೆ ಬಂದಿತೆಂದರೆ ಚಿತ್ರದುರ್ಗದ ಏಳುಸುತ್ತಿನ ಕೋಟೆಗೂ, ಬಳ್ಳಾರಿಯ ಗುಡ್ಡಕ್ಕೂ, ಬೀದರದ ಬುರುಜುಗಳಿಗೂ ಜನರು ಬುತ್ತಿ ಕಟ್ಟಿಕೊಂಡು ಹೊರಡುವರು. ಹೋದವರು ಏರುವರು, ಬೆವರುವರು, ಗಾಳಿಗೆ ಮೈಯೊಡ್ಡುವರು, ಛಾಯಾಚಿತ್ರ ತೆಗೆಯುವರು, ಇಳಿದು ಮನೆಗೆ ಬರುವರು. ಇದರಲ್ಲಿ ದೋಷವೇನೂ ಇಲ್ಲ. ಆದರೆ ಇಳಿದು ಬಂದವನ ಎದೆಯಲ್ಲಿ ಉಳಿದದ್ದೇನು? ಆ ಕಲ್ಲುಗಳು ಅವನನ್ನು ಯಾವದಾದರೂ ಒಂದು ಪ್ರಶ್ನೆ ಕೇಳಿದವೇ? ಕೇಳಿದ್ದರೆ ಅವನು ಉತ್ತರ ಕೊಟ್ಟನೇ? ಇದನ್ನು ವಿಚಾರಿಸುವದಕ್ಕಾಗಿಯೇ ಈ ಲೇಖನ.

ನಮ್ಮಲ್ಲಿ ಮೂರು ತರದ ಮತಗಳು ಪ್ರಚಲಿತವಾಗಿವೆ. ಕೋಟೆಯೆಂದರೆ ಸತ್ತ ಅರಸರ ಸೊತ್ತು, ಪ್ರಜಾರಾಜ್ಯದ ಕಾಲದಲ್ಲಿ ಅದು ವಿನೋದಕ್ಕಲ್ಲದೆ ಮತ್ತಾವದಕ್ಕೂ ಬಾರದು ಎಂಬದು ಮೊದಲನೆಯ ಮತ. ಕೋಟೆಯ ಮಗ್ಗುಲಲ್ಲಿ ವರ್ಷಕ್ಕೊಮ್ಮೆ ಉತ್ಸವ ಹೂಡಿ, ದೀಪ ಹಚ್ಚಿ, ಹಾಡಿಸಿ, ಕುಣಿಸಿ, ಭಾಷಣ ಮಾಡಿಸಿದರೆ ಇತಿಹಾಸದ ಋಣ ತೀರಿತು ಎಂಬದು ಎರಡನೆಯದು. ಕರ್ನಾಟಕದ ಏಕೀಕರಣವು 1956ನೆಯ ಇಸವಿಯ ನವೆಂಬರ 1ರಂದೇ ಮುಗಿದುಹೋಯಿತು, ಮುಗಿದ ಮದುವೆಗೆ ಇನ್ನೇಕೆ ಓಲಗ ಎಂಬದು ಮೂರನೆಯದು. ಮೂರೂ ಬೇರೆ ಬೇರೆ ಬಾಯಿಗಳಿಂದ ಬರುವ ಮಾತುಗಳಾದರೂ ಇವುಗಳ ತಾಯಿಬೇರು ಒಂದೇ: ಅಭಿಮಾನವು ಆಲಸ್ಯಕ್ಕೆ ಇಳಿದಾಗ ಇಂಥ ಮಾತುಗಳು ಹುಟ್ಟುವವು. ಈ ಮೂರಕ್ಕೂ ಒಂದೇ ಗುಡ್ಡವು ಉತ್ತರ ಕೊಡುವದು. ಆ ಗುಡ್ಡವು ನಮ್ಮ ನಾಡಿನದಲ್ಲ, ಜರ್ಮನಿಯದು. ಅದರ ಹೆಸರು ಹಂಬಾಖ.

ಜರ್ಮನಿಯ ನೈಋತ್ಯಕ್ಕೆ ಫಾಲ್ಟ್ಸ್ ಎಂಬ ಸೀಮೆಯಿದೆ. ಅಲ್ಲಿ ನಾಯ್‌ಸ್ಟಾಟ್ ಎಂಬ ಊರಿನ ಹತ್ತಿರ, ಸಮುದ್ರಮಟ್ಟದಿಂದ 300 ಮೀಟರಿಗೂ ಮಿಕ್ಕ ಎತ್ತರದ ಬೆಟ್ಟದ ಮೇಲೆ ಈ ಕೋಟೆ ನಿಂತಿದೆ. ಕೆಳಗೆ ಕಣ್ಣು ಹಾಯುವವರೆಗೆ ದ್ರಾಕ್ಷಿಯ ತೋಟಗಳು. ಅದರಾಚೆಗೆ ರ್‍ಹೈನ್ ನದಿಯ ಬಯಲು. ಹಿಂದುಗಡೆ ದಟ್ಟವಾದ ಅಡವಿ. ಬೆಟ್ಟದ ಮಗ್ಗುಲಲ್ಲಿ ಬೆಳೆಯುವ ಚೆಸ್ಟ್‌ನಟ್ ಮರಗಳಿಂದಲೇ ಕೋಟೆಗೆ ಹಿಂದೆ ಹೆಸರು ಬಂದಿತ್ತು. ಹನ್ನೊಂದನೆಯ ಶತಮಾನದಷ್ಟು ಹಳೆಯದಾದ ಇದು ಬಹುಕಾಲ ಸ್ಪೈಯರ್ ಪಟ್ಟಣದ ಬಿಷಪ್ಪರ ಕೈಯಲ್ಲಿತ್ತು. 1525ರಲ್ಲಿ ದಂಗೆಯೆದ್ದ ರೈತರು ಇದನ್ನು ಸುಲಿದರು; 1552ರಲ್ಲಿ ಒಬ್ಬ ಮಾಂಡಳಿಕನು ಸುಟ್ಟನು; 1688ರಲ್ಲಿ ಫ್ರೆಂಚರ ಸೇನೆ ಮತ್ತೆ ಸುಟ್ಟಿತು. ಅಲ್ಲಿಗೆ ಅದರ ಅರಸುತನದ ಚರಿತ್ರೆ ಮುಗಿಯಿತು. ಇಷ್ಟೇ ಆಗಿದ್ದರೆ ಯುರೋಪಖಂಡದ ನೂರಾರು ಹಾಳುಕೋಟೆಗಳಲ್ಲಿ ಇದೂ ಒಂದಾಗಿ ಉಳಿಯುತ್ತಿತ್ತು. ಅದರ ಹೆಸರನ್ನು ಇಲ್ಲಿ ಬರೆಯುವ ಕಾರಣವೇ ಇರುತ್ತಿರಲಿಲ್ಲ. ವಾಚಕರು ಗಮನಿಸಬೇಕು: ಈ ಕೋಟೆಗೆ ಕೀರ್ತಿ ಬಂದದ್ದು ಅದು ಗಟ್ಟಿಯಾಗಿದ್ದಾಗ ಅಲ್ಲ, ಹಾಳಾಗಿ ಬಿದ್ದಾಗ, ಅರಸರಿಂದಲ್ಲ, ಜನರಿಂದ.

ಅಂದಿನ ಜರ್ಮನಿಯ ಸ್ಥಿತಿಯನ್ನು ಕರ್ನಾಟಕಸ್ಥರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. 1815ರ ಒಪ್ಪಂದದ ತರುವಾಯ ಒಂದೇ ಭಾಷೆಯ ಆ ಜನವು 39 ರಾಜ್ಯಗಳಲ್ಲಿ ಹರಿದು ಹಂಚಿಹೋಗಿತ್ತು. ಒಬ್ಬ ಅರಸನ ಗಡಿಯಿಂದ ಇನ್ನೊಬ್ಬನ ಗಡಿಗೆ ಸರಕು ಸಾಗಿಸಬೇಕಾದರೆ ಸುಂಕ. ಫಾಲ್ಟ್ಸ್ ಸೀಮೆಯಂತೂ ದೂರದ ಬವೇರಿಯಾ ಅರಸನಿಗೆ ಸೇರಿದ್ದು, ನಡುವೆ ಬೇರೆ ರಾಜ್ಯಗಳ ನೆಲ ಅಡ್ಡವಾಗಿ ಬಿದ್ದಿತ್ತು. ದ್ರಾಕ್ಷಾರಸವನ್ನು ಮಾರಿ ಬದುಕುವ ರೈತನಿಗೆ ಆ ಗಡಿಗಳೇ ಗೋಡೆಗಳಾದವು. ತೆರಿಗೆ ಏರಿತು, ಪೇಟೆ ಮುಚ್ಚಿತು. ತಮ್ಮ ನಾಡು ಒಂದೆಂದು ಹೇಳಬೇಕೆಂದರೆ ಪತ್ರಿಕೆಗಳ ಮೇಲೆ ಕಾವಲು, ಸಭೆಗಳ ಮೇಲೆ ಪ್ರತಿಬಂಧ. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹೋಗಿದ್ದ, ಅವುಗಳ ನಡುವೆ ಸಣ್ಣ ಸಂಸ್ಥಾನಗಳ ತೇಪೆ ಹಚ್ಚಿಸಿಕೊಂಡಿದ್ದ ನಾಡಿನ ಮಕ್ಕಳಿಗೆ ಈ ಕಥೆ ಪರದೇಶದ್ದೆನಿಸುವದೇ?

ಆ ಕತ್ತಲಿನಲ್ಲಿ ಎದ್ದು ನಿಂತವರು ಇಬ್ಬರು ಪತ್ರಕರ್ತರು: ಯೊಹಾನ್ ಗೇಯೋರ್ಗ್ ಆಗುಸ್ಟ್ ವಿರ್ಟ್, ಫಿಲಿಪ್ ಯಾಕೋಬ್ ಝೀಬೆನ್‌ಫೈಫರ್. ಸರಕಾರದವರು ವಿರ್ಟನ ಮುದ್ರಣಯಂತ್ರಕ್ಕೆ ಮೊಹರು ಹಾಕಿದರು. 1832ರ ಮಾರ್ಚಿನಲ್ಲಿ ಅರಸರ ಒಕ್ಕೂಟದ ಸಭೆಯು ಇವರ ಪತ್ರಿಕೆಗಳನ್ನು ನಿಷೇಧಿಸಿತು. ಆ ವರ್ಷದ ಆರಂಭದಲ್ಲಿಯೇ ಮುದ್ರಣಸ್ವಾತಂತ್ರ್ಯಕ್ಕಾಗಿ ಒಂದು ಸಂಘವು ಸ್ಥಾಪಿತವಾಗಿ, ಜನರ ವಂತಿಗೆಯಿಂದ ನಡೆಯುತ್ತಿತ್ತು. ಸಭೆ ಕೂಡಬಾರದೆಂದು ಕಾಯದೆಯಿದ್ದರೆ ಹಬ್ಬ ಮಾಡಬಾರದೆಂದು ಕಾಯದೆಯಿರಲಿಲ್ಲ! ಬವೇರಿಯಾದ ಅರಸನು ದಯಪಾಲಿಸಿದ ಸಂವಿಧಾನದ ವಾರ್ಷಿಕೋತ್ಸವವನ್ನು ಮೇ 26ರಂದು ಹಂಬಾಖ ಬೆಟ್ಟದ ಮೇಲೆ ಆಚರಿಸೋಣವೆಂದು ಯಾರೋ ಜಾಹೀರಾತು ಕೊಟ್ಟಿದ್ದರು. ಝೀಬೆನ್‌ಫೈಫರನು ಆ ಹಬ್ಬವನ್ನೇ ಕಸಿದುಕೊಂಡನು. ದಿನವನ್ನು ಒಂದು ದಿವಸ ಮುಂದಕ್ಕೆ ತಳ್ಳಿದನು. ಅರ್ಥವನ್ನು ಪೂರ್ತಿ ತಿರುವಿದನು. ಇದು ಪಡೆದುದರ ಹಬ್ಬವಲ್ಲ, ಇನ್ನು ಪಡೆಯಬೇಕಾದುದರ ಹಬ್ಬ ಎಂಬದೇ ಅವನ ಕರೆಯ ತಾತ್ಪರ್ಯ. ಆ ಕರೆಯಲ್ಲಿ ಸ್ತ್ರೀಯರನ್ನೂ ಅವನು ಗೌರವದಿಂದ ಆಹ್ವಾನಿಸಿದನು. ಸರಕಾರವು ಹಬ್ಬವನ್ನು ನಿಷೇಧಿಸಿತು. ಊರೂರುಗಳಿಂದ ಪ್ರತಿಭಟನೆ ಎದ್ದಿತು. ನಿಷೇಧವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

1832ನೆಯ ಇಸವಿಯ ಮೇ 27, ರವಿವಾರ. ನಾಯ್‌ಸ್ಟಾಟಿನ ಪೇಟೆಯ ಚೌಕಿನಿಂದ ಮೆರವಣಿಗೆ ಹೊರಟು ಬೆಟ್ಟವನ್ನೇರಿತು. ಇಪ್ಪತ್ತರಿಂದ ಮೂವತ್ತು ಸಾವಿರ ಜನ! ರೈತರು, ಕುಶಲಕರ್ಮಿಗಳು, ವಿದ್ಯಾರ್ಥಿಗಳು, ವಕೀಲರು, ಸ್ತ್ರೀಯರು, ತಮ್ಮ ನಾಡನ್ನು ಮೂವರು ದೊರೆಗಳಿಗೆ ಕಳೆದುಕೊಂಡು ಓಡಿಬಂದ ಪೋಲಂಡಿನವರು, ಫ್ರಾನ್ಸದಿಂದ ಬಂದವರು. ಕಪ್ಪು, ಕೆಂಪು, ಬಂಗಾರದ ಬಣ್ಣಗಳ ಧ್ವಜವು ಹಾಳುಗೋಡೆಯ ಮೇಲೇರಿತು. ಅದರ ಮೇಲೆ ಜರ್ಮನಿಯ ಪುನರ್ಜನ್ಮವೆಂಬ ಬರೆಹ. ದ್ರಾಕ್ಷಿಯ ರೈತರು ತಮ್ಮ ದುಃಖವನ್ನು ಸಾರುವ ಕರಿಯ ಬಾವುಟವನ್ನು ಹಿಡಿದು ಬಂದರು. ನಾಡಿನ ಏಕತೆಯ ಬಾವುಟದ ಮಗ್ಗುಲಲ್ಲಿಯೇ ರೈತನ ಹೊಟ್ಟೆಯ ಬಾವುಟ! ಏಕೀಕರಣವು ಕೇವಲ ಕವಿಗಳ ಕನಸು ಎನ್ನುವವರು ಇದನ್ನು ನೆನಪಿನಲ್ಲಿಡಲಿ.

ಅಲ್ಲಿ ಕೇಳಿದ್ದಾದರೂ ಏನು? ನಾಡು ಒಂದಾಗಲಿ, ಆದರೆ ಅರಸರ ಕೈಯಲ್ಲಿ ಅಲ್ಲ, ಜನರ ಕೈಯಲ್ಲಿ. ಮಾತಿಗೆ, ಬರೆಹಕ್ಕೆ, ಸಭೆಗೆ ಸ್ವಾತಂತ್ರ್ಯವಿರಲಿ. ಸ್ವತಂತ್ರರಾದ ಜನಾಂಗಗಳು ಒಂದರೊಡನೊಂದು ಸ್ನೇಹದಿಂದ ಇರಲಿ. ಏಕತೆ, ಸ್ವಾತಂತ್ರ್ಯ ಇವೆರಡನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದು ಆ ಹಬ್ಬದ ವಿಶೇಷ.

ಮುಂದೆ ಏನಾಯಿತೆಂಬದನ್ನೂ ಮರೆಮಾಚದೆ ಹೇಳಬೇಕು. ಮರುದಿನ ಮುಖಂಡರು ಊರಿನ ಒಂದು ಮನೆಯಲ್ಲಿ ಕೂಡಿ, ಜನರ ಹೆಸರಿನಲ್ಲಿ ಮುಂದಿನ ಹೆಜ್ಜೆ ಇಡಲು ತಮಗೆ ಅಧಿಕಾರವಿದೆಯೇ ಎಂದು ಚರ್ಚೆ ಮಾಡಿ, ಇಲ್ಲವೆಂದು ತೀರ್ಮಾನಿಸಿ, ಮನೆಗಳಿಗೆ ಹೋದರು! ಕವಿ ಹೈನೆ ಇದನ್ನು ಹಾಸ್ಯ ಮಾಡಿದ್ದಾನೆ. ಆ ಹಾಸ್ಯ ಅನ್ಯಾಯದ್ದಲ್ಲ. ಬೆಟ್ಟ ಏರುವ ಕಾಲಿಗೆ ಬಲವಿತ್ತು. ಇಳಿದ ಮೇಲೆ ಮಾಡಬೇಕಾದ ಕೆಲಸಕ್ಕೆ ಕಟ್ಟು ಇರಲಿಲ್ಲ. ಜನರು ತಡೆದರು, ಸರಕಾರವು ತಡೆಯಲಿಲ್ಲ. ತಿಂಗಳೊಳಗಾಗಿ 8,000ಕ್ಕೂ ಮಿಕ್ಕ ಸೈನಿಕರೊಡನೆ ಸೇನಾಧಿಪತಿ ವ್ರೇಡೆ ಬಂದು ಸೀಮೆಯಲ್ಲೆಲ್ಲ ಠಾಣೆ ಹಾಕಿದನು. ಜುಲೈ ತಿಂಗಳಲ್ಲಿ ಅರಸರ ಒಕ್ಕೂಟವು ರಾಜಕೀಯ ಸಂಘಗಳನ್ನೂ ಸಭೆಗಳನ್ನೂ, ಆ ತ್ರಿವರ್ಣವನ್ನು ಧರಿಸುವದನ್ನೂ ನಿಷೇಧಿಸಿತು. 1833ರಲ್ಲಿ ಲಾಂಡೌ ಪಟ್ಟಣದಲ್ಲಿ ಮುಖಂಡರ ವಿಚಾರಣೆಯಾಗಿ ಪಂಚರು ಅವರನ್ನು ನಿರಪರಾಧಿಗಳೆಂದು ಬಿಟ್ಟರು. ಆದರೂ ಅಧಿಕಾರಿಗಳ ಮಾನಹಾನಿಯೆಂಬ ಬೇರೆ ಆಪಾದನೆ ಹೊರಿಸಿ ವಿರ್ಟನಿಗೂ ಝೀಬೆನ್‌ಫೈಫರನಿಗೂ ಎರಡೆರಡು ವರ್ಷ ಸೆರೆ ವಿಧಿಸಿದರು. ಝೀಬೆನ್‌ಫೈಫರನು ಸೆರೆಯಿಂದ ತಪ್ಪಿಸಿಕೊಂಡು ಸ್ವಿಟ್ಜರ್ಲಂಡಿಗೆ ಹೋಗಿ 1845ರಲ್ಲಿ ಅಲ್ಲಿಯೇ ತೀರಿಕೊಂಡನು. ವಿರ್ಟನು ಸೆರೆಯನ್ನೂ ದೇಶಾಂತರವಾಸವನ್ನೂ ಅನುಭವಿಸಿ, 1848ರಲ್ಲಿ ಫ್ರಾಂಕ್‌ಫುರ್ಟಿನಲ್ಲಿ ಕೂಡಿದ ಮೊದಲನೆಯ ರಾಷ್ಟ್ರೀಯ ಸಭೆಗೆ ಆಯ್ಕೆಯಾಗಿ, ಅದೇ ವರ್ಷ ಕಣ್ಣು ಮುಚ್ಚಿದನು. ಹದಿನಾರು ವರ್ಷಗಳ ಹಿಂದೆ ಹಾಳುಕೋಟೆಯಲ್ಲಿ ಬಿತ್ತಿದ ಬೀಜದ ಮೊಳಕೆಯನ್ನು ನೋಡುವಷ್ಟು ಭಾಗ್ಯ ಅವನದಾಯಿತು.

ಇನ್ನು ಕೋಟೆಯ ಗತಿ ಕೇಳಿರಿ. 1842ರಲ್ಲಿ ಅದೇ ಸೀಮೆಯ ನಾಗರಿಕರು ಆ ಹಾಳುಕೋಟೆಯನ್ನು ಬವೇರಿಯಾದ ಯುವರಾಜನಿಗೆ ಮದುವೆಯ ಉಡುಗೊರೆಯಾಗಿ ಕೊಟ್ಟುಬಿಟ್ಟರು! ಹತ್ತು ವರ್ಷಗಳ ಹಿಂದೆ ಜನರ ದನಿ ಗುಡುಗಿದ ಸ್ಥಳವು ಅರಸುಮಗನ ವಿಹಾರಮಂದಿರವಾಗಬೇಕಾಯಿತು. 1844ರಲ್ಲಿ ಕಟ್ಟಡದ ಕೆಲಸವೂ ಪ್ರಾರಂಭವಾಯಿತು. ಆದರೆ ಅದು ಮುಗಿಯಲೇ ಇಲ್ಲ. ಅರ್ಧ ಅರಮನೆ, ಅರ್ಧ ಹಾಳಾಗಿ ಆ ಕೋಟೆಯು ನೂರು ವರ್ಷಗಳಿಗೂ ಮಿಕ್ಕಿ ಹಾಗೆಯೇ ನಿಂತಿತು. ಜನರು ತಮ್ಮ ನೆನಪನ್ನು ತಾವೇ ಕಾಯದಿದ್ದರೆ ಅದು ಯಾರದೋ ಉಡುಗೊರೆಯಾಗಿ ಹೋಗುವದು. ಈ ಪಾಠವನ್ನು ಕಲಿಯಲು ಜರ್ಮನರಿಗೆ ಬಹುಕಾಲ ಹಿಡಿಯಿತು.

ಕೊನೆಗೆ ಕಲಿತರು. 1952ರಲ್ಲಿ ಕೋಟೆಯು ಅಲ್ಲಿಯ ಜಿಲ್ಲೆಯ ಸ್ವಾಧೀನಕ್ಕೆ ಬಂದಿತು. ಹಬ್ಬದ ನೂರೈವತ್ತನೆಯ ವರ್ಷವಾದ 1982ಕ್ಕಾಗಿ ಜೀರ್ಣೋದ್ಧಾರ ನಡೆಯಿತು. 2002ರಲ್ಲಿ ಅದನ್ನು ನೋಡಿಕೊಳ್ಳಲು ಒಂದು ಪ್ರತಿಷ್ಠಾನ ಏರ್ಪಟ್ಟಿತು. 2008ರಿಂದ ಒಳಗೆ ಶಾಶ್ವತವಾದ ಪ್ರದರ್ಶನವಿದೆ. ಜನರು ಅಂದು ಹಾಡುತ್ತ ಏರಿದ ಹಾಡಿನ ಮಾತನ್ನೇ ಅದಕ್ಕೆ ಹೆಸರಾಗಿ ಇಟ್ಟಿದ್ದಾರೆ. ಇಂದು ಅಲ್ಲಿಗೆ ಹೋಗುವವನು ಬಿಷಪ್ಪರ ಬೆಳ್ಳಿಯ ಪಾತ್ರೆಗಳನ್ನಾಗಲಿ ಯುವರಾಜನ ಮಂಚವನ್ನಾಗಲಿ ನೋಡಲೆಂದು ಹೋಗುವದಿಲ್ಲ. ಅವನು ನೋಡುವದು 1832ರ ಆ ಧ್ವಜವನ್ನು. ತಿಳಿಯುವದು ನಿಷೇಧಗೊಂಡ ಪತ್ರಿಕೆಗಳ, ಸುಂಕದ ಗೋಡೆಗಳ, ರೈತರ ಬವಣೆಯ, ಸೆರೆ ಹೋದವರ ಕಥೆಯನ್ನು. ಅದೇ ಹಬ್ಬದ ಇನ್ನೊಂದು ಧ್ವಜವು ಮೈನ್ಸ್ ಪಟ್ಟಣದ ಪ್ರಾಂತೀಯ ಶಾಸನಸಭೆಯ ಸಭಾಗೃಹದಲ್ಲಿ ತೂಗುತ್ತಿದೆ. ಕಾನೂನು ಮಾಡುವವರ ಕಣ್ಣೆದುರಿಗೆ, ಕಾನೂನನ್ನು ಕೇಳಿದವರ ಬಟ್ಟೆ! ಕೋಟೆಯಲ್ಲಿ ಸಂಗೀತವೂ ಇದೆ, ನಾಟಕವೂ ಇದೆ. ಅವುಗಳ ಜೊತೆಗೆ ಪ್ರಜಾಪ್ರಭುತ್ವದ ಬಗ್ಗೆ ಬಹಿರಂಗವಾದ ವಾದವಿವಾದಗಳೂ ಇವೆ. 2018ರಲ್ಲಿ ರಾಷ್ಟ್ರೀಯವಾದಿಗಳ ಒಂದು ಪಂಗಡವು ಹೊಸ ಹಂಬಾಖ ಹಬ್ಬವೆಂದು ಬೆಟ್ಟ ಏರಿತು. ಹಳೆಯ ಹಬ್ಬದ ಅರ್ಥವೇ ಇದಲ್ಲವೆಂದು ಬೇರೆಯವರು ಎದುರು ನಿಂತರು. ಜಗಳವಾಯಿತೇ ಎಂದು ಕೆಲವರು ಮೂಗು ಮುರಿಯಬಹುದು. ಜಗಳ ಹುಟ್ಟಿಸದ ಇತಿಹಾಸವು ಸತ್ತ ಇತಿಹಾಸವೆಂದೇ ನಮ್ಮ ಮತ.

ಇಲ್ಲಿ ಒಂದು ಆಕ್ಷೇಪ ಬರುವದು. ಜರ್ಮನಿಯ ರಾಷ್ಟ್ರಾಭಿಮಾನವು ಜಗತ್ತಿಗೆ ಎಂಥ ಅನರ್ಥವನ್ನು ತಂದಿತು! ಅದರಿಂದ ನಾವು ಕಲಿಯತಕ್ಕದ್ದೇನಿದೆ? ಈ ಪ್ರಶ್ನೆಯನ್ನು ತಳ್ಳಿಹಾಕತಕ್ಕದ್ದಲ್ಲ. ಆದರೆ ಉತ್ತರವು ಹಂಬಾಖದಲ್ಲಿಯೇ ಇದೆ. 1871ರಲ್ಲಿ ಜರ್ಮನಿಯು ಒಂದಾದದ್ದು ಆ ಬೆಟ್ಟದ ಮೇಲೆ ಅಲ್ಲ; ಯುದ್ಧದಲ್ಲಿ ಗೆದ್ದ ಅರಸರು ಫ್ರೆಂಚರ ವರ್ಸಾಯಿ ಅರಮನೆಯಲ್ಲಿ ನಿಂತು ಅದನ್ನು ಸಾರಿದರು. ಏಕತೆಯನ್ನು ತೆಗೆದುಕೊಂಡರು, ಸ್ವಾತಂತ್ರ್ಯವನ್ನು ಹೊರಗೆ ನಿಲ್ಲಿಸಿದರು. 1919ರಲ್ಲಿ ಗಣರಾಜ್ಯವು ಹಂಬಾಖದ ಬಣ್ಣಗಳನ್ನು ರಾಷ್ಟ್ರಧ್ವಜ ಮಾಡಿತು. 1933ರಲ್ಲಿ ಹಿಟ್ಲರನ ಆಳ್ವಿಕೆ ಮೊದಲು ಕಿತ್ತುಹಾಕಿದವುಗಳಲ್ಲಿ ಆ ಬಣ್ಣಗಳೂ ಇದ್ದವು. 1949ರಲ್ಲಿ ಅವು ತಿರುಗಿ ಬಂದವು. ದಬ್ಬಾಳಿಕೆಯು ಯಾವ ಬಾವುಟಕ್ಕೆ ಅಂಜುವದೆಂಬದು ಇದರಿಂದಲೇ ತಿಳಿಯುವದು. ನಾಡು ಒಂದಾಗುವದಷ್ಟೇ ಸಾಲದು. ಒಂದಾದ ನಾಡಿನಲ್ಲಿ ಕಟ್ಟಕಡೆಯ ಹಳ್ಳಿಯವನಿಗೂ ದನಿಯಿರಬೇಕು.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಹಾಳುಗಳಿಂದ ನಾಡು ಎದ್ದು ನಿಂತ ಕಥೆ ನಮ್ಮಲ್ಲಿಯೂ ಉಂಟು. 1905ರಲ್ಲಿ ಆಲೂರ ವೆಂಕಟರಾಯರು ವಿಜಯನಗರದ ಹಾಳುಗಳನ್ನು ನೋಡಿ ಬಂದರು. ಅವರು ಅಲ್ಲಿ ಕಂಡದ್ದು ಬರಿಯ ಕಲ್ಲುಗಳನ್ನಲ್ಲ, ಕಳೆದುಹೋದ ಕರ್ನಾಟಕವನ್ನು. ಆ ದರ್ಶನದಿಂದ 1917ರಲ್ಲಿ ‘ಕರ್ನಾಟಕ ಗತವೈಭವ’ ಬಂದಿತು. ‘ಜಯಕರ್ನಾಟಕ’ ಪತ್ರಿಕೆ ಬಂದಿತು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ಸಿನ ಸಮಯಕ್ಕೆ ಏಕೀಕರಣದ ಪರಿಷತ್ತು ಕೂಡಿತು. 1953ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸ ಕುಳಿತರು. ಹುಬ್ಬಳ್ಳಿಯಲ್ಲಿ ಜನ ಸಿಡಿದೆದ್ದಿತು. ಅದೇ ವರ್ಷ ಅಕ್ಟೋಬರ 1ರಂದು ಬಳ್ಳಾರಿಯು ಕನ್ನಡನಾಡಿಗೆ ಸೇರಿತು. 1956ರಲ್ಲಿ ನಾಡು ಒಂದಾಯಿತು; 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಕೆಳದಿಯ ನಾಯಕರು ಕಟ್ಟಿಸಿದ ಬೇಕಲದ ಕೋಟೆಯಿರುವ ಕಾಸರಗೋಡು ಮಾತ್ರ ಗಡಿಯಾಚೆ ಉಳಿಯಿತು.

ಇಷ್ಟು ದೊಡ್ಡ ಕಥೆಯುಳ್ಳ ಜನವು ತನ್ನ ಕೋಟೆಗಳಲ್ಲಿ ಯಾವ ಕಥೆಯನ್ನು ಹೇಳುತ್ತಿದೆ? ಕಿತ್ತೂರಿನ ಹಾಳು ಅರಮನೆಯ ಬಳಿ ವಸ್ತುಸಂಗ್ರಹಾಲಯವಿದೆ, ಅಕ್ಟೋಬರದಲ್ಲಿ ಉತ್ಸವವಿದೆ. ಚಿತ್ರದುರ್ಗದಲ್ಲಿ ವಸ್ತುಸಂಗ್ರಹಾಲಯವಿದೆ. ಹಂಪೆಗೆ ಉತ್ಸವವಿದೆ. ಇವು ಬೇಡವೆಂದು ನಾವು ಹೇಳುವದಿಲ್ಲ. ಕತ್ತಿ, ಗುರಾಣಿ, ವೀರಗಲ್ಲು, ಶಾಸನಗಳನ್ನು ಕಾಪಾಡಿದವರಿಗೆ ನಮಸ್ಕಾರ. ಚೆನ್ನಮ್ಮನ ಸಾಹಸವನ್ನೂ ಓಬವ್ವನ ಒನಕೆಯನ್ನೂ ಹಾಡದ ನಾಲಗೆ ನಾಲಗೆಯೇ ಅಲ್ಲ. ಆದರೆ ಕೇಳುತ್ತೇವೆ: ಆ ಕೋಟೆಗಳನ್ನು ಕಲ್ಲು ಹೊತ್ತು ಕಟ್ಟಿದವನ ಮೊಮ್ಮಕ್ಕಳಿಗೆ ಆ ಉತ್ಸವದಲ್ಲಿ ಮಾತಾಡುವ ಸ್ಥಳವಿದೆಯೇ? ಏಕೀಕರಣಕ್ಕಾಗಿ ಲಾಠಿ ತಿಂದವರ ಪತ್ರಗಳು, ಅಚ್ಚಾದ ಕರಪತ್ರಗಳು, ಮುಟ್ಟುಗೋಲಾದ ಪತ್ರಿಕೆಗಳು ಎಷ್ಟು ಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಯನ್ನು ಕಂಡಿವೆ? ವೇದಿಕೆಯ ಮೇಲೆ ಮಂತ್ರಿಗಳು ಮಾತಾಡುವರು, ಜನರು ಕೇಳುವರು. ಒಂದು ದಿನವಾದರೂ ಜನರು ಮಾತಾಡಿ ಮಂತ್ರಿಗಳು ಕೇಳಿದ್ದುಂಟೇ?

ಏಕೀಕರಣ ಮುಗಿಯಿತೆನ್ನುವವರಿಗೆ ಸರಕಾರದ ಲೆಕ್ಕವನ್ನೇ ಎದುರಿಗಿಡುತ್ತೇವೆ. 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ನಾಡಿನ 175 ತಾಲೂಕುಗಳನ್ನು ಅಳೆದು ನೋಡಿ 114 ತಾಲೂಕುಗಳು ಹಿಂದುಳಿದವೆಂದು ಹೇಳಿತು. ಅತ್ಯಂತ ಹಿಂದುಳಿದ 39ರಲ್ಲಿ 26 ತಾಲೂಕುಗಳು ಉತ್ತರ ಕರ್ನಾಟಕದವು. ಹೈದರಾಬಾದ ಸೀಮೆಯ ಜಿಲ್ಲೆಗಳಿಗಾಗಿ ಸಂವಿಧಾನಕ್ಕೆ 371(ಜೆ) ಎಂಬ ವಿಶೇಷ ವಿಧಿಯನ್ನೇ ಸೇರಿಸಬೇಕಾಯಿತು. ಒಂದಾಗಿ ಅರ್ಧಶತಮಾನ ಕಳೆದ ಮೇಲೆ! 2019ರಲ್ಲಿ ಆ ಸೀಮೆಯನ್ನು ಕಲ್ಯಾಣ ಕರ್ನಾಟಕವೆಂದು ಕರೆದರು; 2021ರಲ್ಲಿ ಮುಂಬಯಿ ಸೀಮೆಯನ್ನು ಕಿತ್ತೂರು ಕರ್ನಾಟಕವೆಂದು ಕರೆದರು. ಒಳ್ಳೆಯ ಹೆಸರುಗಳು. ಪರಕೀಯರ ಪಟ್ಟಣಗಳ ಹೆಸರನ್ನು ಹೊತ್ತು ತಿರುಗುವ ಅವಮಾನ ತಪ್ಪಿತು. ಆದರೆ ಹೆಸರು ಬದಲಾದ ಮಾತ್ರಕ್ಕೆ ಹೊಲಕ್ಕೆ ನೀರು ಬರುವದೇ? ಶಾಲೆಗೆ ಮಾಸ್ತರು ಬರುವರೇ? ಬೀದರದ ತಾಯಿ ರೋಗಿಯಾದ ಮಗುವನ್ನು ಎತ್ತಿಕೊಂಡು ಏಳುನೂರು ಕಿಲೋಮೀಟರು ದೂರದ ರಾಜಧಾನಿಯ ಕಡೆಗೆ ನೋಡುವದು ನಿಲ್ಲುವದೇ? ನಕಾಶೆಯ ಮೇಲೆ ಗೆರೆ ಅಳಿಸುವದು ಏಕೀಕರಣದ ಆರಂಭ ಮಾತ್ರ. ಬಾಳಿನ ಮೇಲಿನ ಗೆರೆ ಅಳಿಸುವದು ಅದರ ಪೂರ್ಣತೆ.

ಇಷ್ಟಕ್ಕೇ ಮನಸ್ಸು ಕಹಿಯಾಗಿ ಪ್ರತ್ಯೇಕ ರಾಜ್ಯ ಬೇಕೆನ್ನುವವರೂ ಇದ್ದಾರೆ. ಅವರ ಸಿಟ್ಟು ನಮಗೆ ಅರ್ಥವಾಗುವದು. ಅವರ ಔಷಧ ಮಾತ್ರ ಒಪ್ಪುವಂಥದಲ್ಲ. ಕರಿಯ ಬಾವುಟ ಹಿಡಿದ ದ್ರಾಕ್ಷಿಯ ರೈತನು ಬೇರೆ ಬೆಟ್ಟವನ್ನು ಹುಡುಕಿಕೊಂಡು ಹೋಗಲಿಲ್ಲ. ತ್ರಿವರ್ಣದ ಮಗ್ಗುಲಿಗೇ ಬಂದು ನಿಂತನು. ತನ್ನ ದುಃಖವನ್ನು ಇಡೀ ನಾಡಿನ ದುಃಖವನ್ನಾಗಿ ಮಾಡಿದನು. ಅದೇ ಸರಿಯಾದ ದಾರಿ.

ಆದುದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಒಂದನೆಯದು: ಕೋಟೆಗಳ ಉತ್ಸವಗಳಲ್ಲಿ ಒಂದು ಪೂರ್ತಿ ದಿನವನ್ನು ಜನಸಭೆಗೆ ಬಿಡತಕ್ಕದ್ದು, ಆ ದಿನ ಸುತ್ತಲಿನ ಹಳ್ಳಿಗಳವರು ತಮ್ಮ ಅಹವಾಲುಗಳನ್ನು ಹೇಳಲಿ, ಆರಿಸಿಬಂದವರು ಕೆಳಗೆ ಕುಳಿತು ಕೇಳಲಿ, ಮುಂದಿನ ವರ್ಷ ಅದೇ ಸ್ಥಳದಲ್ಲಿ ಲೆಕ್ಕ ಒಪ್ಪಿಸಲಿ. ಎರಡನೆಯದು: ಪ್ರತಿಯೊಂದು ಜಿಲ್ಲೆಯ ವಸ್ತುಸಂಗ್ರಹಾಲಯದಲ್ಲಿ ಆ ಜಿಲ್ಲೆಯ ಏಕೀಕರಣದ ಕಥೆಗೆ ಒಂದು ಕೋಣೆ ಇರತಕ್ಕದ್ದು, ಹಳೆಯ ಪತ್ರಿಕೆಗಳೂ ಪತ್ರಗಳೂ ಇರುವ ಮನೆಗಳವರು ಅವು ಗೆದ್ದಲು ಹಿಡಿಯುವ ಮೊದಲೇ ಅಲ್ಲಿಗೆ ಮುಟ್ಟಿಸತಕ್ಕದ್ದು. ಮೂರನೆಯದು: ಶಾಲೆಯ ಮಕ್ಕಳನ್ನು ಕೋಟೆಗೆ ಕರೆದೊಯ್ಯುವ ಗುರುಗಳು ಕೋಟೆಯನ್ನು ಯಾರು ಆಳಿದರು ಎಂಬುದರ ಜೊತೆಗೆ ಯಾರು ಕಟ್ಟಿದರು, ಯಾರು ಹಸಿದರು, ಯಾರು ಎದುರು ನಿಂತರು ಎಂಬದನ್ನೂ ಹೇಳತಕ್ಕದ್ದು. ಇವುಗಳಲ್ಲಿ ಯಾವದಕ್ಕೂ ಕೋಟಿಗಟ್ಟಲೆ ಹಣ ಬೇಕಾಗಿಲ್ಲ, ಮನಸ್ಸು ಬೇಕು.

ನವೆಂಬರ 1ರಂದು ಬಾವುಟ ಏರಿಸುವ ಬಂಧುಗಳೇ, ಹಂಬಾಖದ ಆ ಸೆರೆಹೋದ ಪತ್ರಕರ್ತನ ಮಾತಿನ ತಾತ್ಪರ್ಯವನ್ನು ಒಂದು ಸಲ ನಿಮ್ಮ ಎದೆಗೆ ಕೇಳಿಕೊಳ್ಳಿರಿ: ನಾವು ಆಚರಿಸುವದು ಪಡೆದುದರ ಹಬ್ಬವೋ, ಪಡೆಯಬೇಕಾದುದರ ಹಬ್ಬವೋ? ಪಡೆದುದರ ಹಬ್ಬಕ್ಕೆ ದೀಪ ಸಾಕು, ತೋರಣ ಸಾಕು. ಪಡೆಯಬೇಕಾದುದರ ಹಬ್ಬಕ್ಕೆ ಕಾಲು ಬೇಕು, ಗಂಟಲು ಬೇಕು, ಇಳಿದ ಮೇಲೆ ಕೆಲಸ ಮಾಡುವ ಕೈ ಬೇಕು. ನಮ್ಮ ಗುಡ್ಡಗಳು ಇದ್ದಲ್ಲಿಯೇ ಇವೆ. ಕೋಟೆಗಳು ಅರಸರನ್ನು ಕಳೆದುಕೊಂಡಿವೆ. ಇನ್ನೂ ಜನರನ್ನು ಪಡೆದಿಲ್ಲ. ಏರಿ ಹೋಗಿ ಅವನ್ನು ನಮ್ಮವನ್ನಾಗಿ ಮಾಡಿಕೊಳ್ಳುವದು ನಮ್ಮ ಮೇಲಿದೆ.